ಹರಡಿಗೊಂದು ಹೊಸ ಕೀಲು

ನಡೆಯುವ ಮನುಷ್ಯನು ತನ್ನ ಪಾದಗಳನ್ನು ಕುರಿತು ಯೋಚಿಸುವುದಿಲ್ಲ. ಹೊಲದ ಬದುವಿನ ಮೇಲಾಗಲಿ, ಕಲ್ಲುಮುಳ್ಳಿನ ಕಾಲುದಾರಿಯಲ್ಲಾಗಲಿ, ದೇವಸ್ಥಾನದ ಸವೆದ ಮೆಟ್ಟಿಲುಗಳ ಮೇಲಾಗಲಿ, ನೆಲದ ಏರಿಳಿತಕ್ಕೆ ತಕ್ಕಂತೆ ಪಾದವು ತಾನಾಗಿ ಬಾಗುತ್ತದೆ, ತಾನಾಗಿ ಚಾಚುತ್ತದೆ. ಈ ಕೆಲಸವನ್ನು ಸದ್ದಿಲ್ಲದೆ ನಡೆಸಿಕೊಡುವ ಕೀಲು ಕಣಕಾಲು ಪಾದವನ್ನು ಸೇರುವ ಎಡೆಯಲ್ಲಿದೆ. ಗೆಜ್ಜೆ ಕಟ್ಟುವ ಜಾಗಕ್ಕೆ ತುಸು ಕೆಳಗೆ ಒಳಮಗ್ಗುಲಲ್ಲೊಂದು, ಹೊರಮಗ್ಗುಲಲ್ಲೊಂದು ಮೂಳೆಯ ಉಬ್ಬು ಕೈಗೆ ಸಿಗುತ್ತದೆ. ಇದೇ ಹರಡು. ಈ ಎರಡು ಉಬ್ಬುಗಳ ನಡುವೆ ಅಡಗಿರುವುದೇ ಹರಡಿನ ಕೀಲು.

ಸೊಂಟದ ಕೀಲು ಸವೆದರೆ ಅದನ್ನು ತೆಗೆದು ಕೃತಕ ಕೀಲನ್ನು ಜೋಡಿಸುವ ವಿಷಯ ಇಂದು ಹಳ್ಳಿಯ ಜನರಿಗೂ ಹೊಸದಲ್ಲ. ಮಂಡಿಯ ಕೀಲನ್ನು ಬದಲಾಯಿಸಿಕೊಂಡು ಓಡಾಡುವ ಹಿರಿಯರು ಎಲ್ಲ ಊರುಗಳಲ್ಲಿಯೂ ಕಾಣಸಿಗುತ್ತಾರೆ. ಆದರೆ ಹರಡಿನ ಕೀಲನ್ನು ಬದಲಾಯಿಸಿಕೊಂಡವರು ಅಪರೂಪ. ಇಂಗ್ಲೆಂಡಿನಂತಹ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಮಂಡಿಗಳಿಗೆ ಕೃತಕ ಕೀಲು ಜೋಡಿಸಿದರೆ, ಹರಡಿಗೆ ಜೋಡಿಸುವುದು ಸಾವಿರದ ಆಸುಪಾಸು ಮಾತ್ರ. ನೋವು ಒಂದೇ, ಸವೆತ ಒಂದೇ. ಹಾಗಿದ್ದೂ ಈ ಚಿಕ್ಕ ಕೀಲಿನ ಮುಂದೆ ವೈದ್ಯರು ಇಷ್ಟು ಹಿಂಜರಿಯಲು ಕಾರಣವೇನು? ಇದನ್ನು ತಿಳಿಯಬೇಕಾದರೆ ಮೊದಲು ಆ ಕೀಲಿನ ರಚನೆಯನ್ನು ನೋಡಬೇಕು.

ಹರಡಿನ ಕೀಲು ಬಡಗಿಯ ಕೈಚಳಕವನ್ನು ನೆನಪಿಗೆ ತರುವಂತಹುದು. ಬಾಗಿಲ ಚೌಕಟ್ಟನ್ನು ಮಾಡುವಾಗ ಬಡಗಿಯು ಒಂದು ಮರದಲ್ಲಿ ಗೂಡು ಕೊರೆದು, ಇನ್ನೊಂದು ಮರದ ತುದಿಯನ್ನು ಅದಕ್ಕೆ ಹೊಂದುವಂತೆ ಕೆತ್ತಿ ಕೂರಿಸುತ್ತಾನೆ. ಕಣಕಾಲಿನಲ್ಲಿಯೂ ಹೀಗೆಯೇ. ಅಲ್ಲಿ ಎರಡು ಮೂಳೆಗಳಿವೆ; ಒಳಗಡೆಯದು ದಪ್ಪ, ಹೊರಗಡೆಯದು ತೆಳು. ಎರಡರ ಕೆಳತುದಿಗಳೂ ಕೂಡಿ ಒಂದು ಗೂಡಾಗುತ್ತವೆ. ಆ ಗೂಡಿನೊಳಗೆ ತಾಲಸ್ ಎಂಬ ಗಿಡ್ಡ ಮೂಳೆಯು ಕುಳಿತಿದೆ. ತಾಲಸ್ ಬಹು ವಿಚಿತ್ರವಾದ ಮೂಳೆ. ಒಂದೇ ಒಂದು ಸ್ನಾಯುವೂ ಅದಕ್ಕೆ ಅಂಟಿಕೊಂಡಿಲ್ಲ. ಅದರ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನುಣುಪಾದ ಮೃದ್ವಸ್ಥಿಯು ಮುಚ್ಚಿಕೊಂಡಿದೆ. ಆದ್ದರಿಂದ ರಕ್ತನಾಳಗಳು ಒಳಹೋಗಲು ಉಳಿದಿರುವ ಜಾಗವೇ ಕಡಿಮೆ. ಅಕ್ಕಪಕ್ಕದ ಮೂಳೆಗಳ ಚಲನೆಗೆ ಒಳಗಾಗಿ ತಾನೂ ಚಲಿಸುವುದಷ್ಟೇ ಅದರ ಪಾಲಿಗೆ ಬಂದದ್ದು. ಕುರಿ ಮೇಕೆಗಳ ಇದೇ ಮೂಳೆಯನ್ನು ಪ್ರಾಚೀನ ಗ್ರೀಕರೂ ರೋಮನರೂ ದಾಳಗಳಂತೆ ಎಸೆದು ಆಡುತ್ತಿದ್ದರು. ನಾಲ್ಕು ಮಗ್ಗುಲುಗಳೂ ಬೇರೆ ಬೇರೆ ಆಕಾರದವಾದ್ದರಿಂದ ಅದು ಆಟಕ್ಕೆ ಹೇಳಿ ಮಾಡಿಸಿದಂತಿತ್ತು.

ಈ ಪುಟ್ಟ ಮೂಳೆಯ ಮೇಲೆ ಬೀಳುವ ಹೊರೆ ಮಾತ್ರ ಪುಟ್ಟದಲ್ಲ. ಸಾಧಾರಣವಾಗಿ ನಡೆಯುವಾಗ, ಹಿಮ್ಮಡಿಯು ನೆಲದಿಂದ ಮೇಲೇಳುವ ಹೊತ್ತಿಗೆ, ಹರಡಿನ ಕೀಲಿನ ಮೇಲೆ ದೇಹದ ತೂಕದ ಸುಮಾರು ಐದು ಪಟ್ಟು ಒತ್ತಡ ಬೀಳುತ್ತದೆ. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯು ಶಾಲೆಗೆ ನಡೆದುಹೋಗುವಾಗ, ಹೆಜ್ಜೆಹೆಜ್ಜೆಗೂ ಅವನ ಹರಡು ಎರಡೂವರೆ ಕ್ವಿಂಟಾಲಿನಷ್ಟು ಭಾರವನ್ನು ಹೊತ್ತು ಇಳಿಸುತ್ತಿರುತ್ತದೆ. ಆ ಭಾರವನ್ನು ಹಂಚಿಕೊಳ್ಳುವ ಜಾಗವಾದರೂ ದೊಡ್ಡದೇ? ಅದೂ ಅಲ್ಲ. ಸಮಾನ ಹೊರೆಯನ್ನು ಹೊತ್ತಾಗ ಸೊಂಟದಲ್ಲಿ ಅಥವಾ ಮಂಡಿಯಲ್ಲಿ ಮೂಳೆಗೆ ಮೂಳೆ ತಾಗುವ ವಿಸ್ತೀರ್ಣದ ಮೂರನೆಯ ಒಂದು ಭಾಗ ಮಾತ್ರ ಹರಡಿನಲ್ಲಿ ತಾಗುತ್ತದೆ. ಮೃದ್ವಸ್ಥಿಯ ಪದರವೂ ಮಂಡಿಯದಕ್ಕಿಂತ ತೀರ ತೆಳು. ಎರಡು ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ಇಷ್ಟನ್ನು ಕೇಳಿದವರು ಎಲ್ಲಕ್ಕಿಂತ ಮೊದಲು ಹರಡಿನ ಕೀಲೇ ಸವೆದುಹೋಗಬೇಕು ಎಂದು ಭಾವಿಸುವುದು ಸಹಜ. ನಡೆಯುವುದು ಇದಕ್ಕೆ ತದ್ವಿರುದ್ಧ. ವಯಸ್ಸಾದಂತೆ ತಾನಾಗಿ ಸವೆಯುವುದು ಸೊಂಟ ಮತ್ತು ಮಂಡಿ. ಹರಡು ಎಪ್ಪತ್ತು ಎಂಬತ್ತು ವರ್ಷಗಳವರೆಗೂ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಅದರ ಮೃದ್ವಸ್ಥಿ ತೆಳುವಾದರೂ ಬಿಗಿಯಾದದ್ದು. ಮುಪ್ಪಿನಲ್ಲಿಯೂ ಅದರ ಗಟ್ಟಿತನ ಸೊಂಟದ ಮೃದ್ವಸ್ಥಿಯಷ್ಟು ಬೇಗ ಕುಂದುವುದಿಲ್ಲ. ಇದಕ್ಕಿಂತ ಮುಖ್ಯವಾದ ಕಾರಣ, ಗೂಡು ಮತ್ತು ತಾಲಸ್ ಒಂದಕ್ಕೊಂದು ಕೂದಲೆಳೆಯ ಸಂದೂ ಇಲ್ಲದಂತೆ ಹೊಂದಿಕೊಂಡಿರುವುದು. ಆದರೆ ಈ ಹೊಂದಾಣಿಕೆಯೇ ಹರಡಿನ ಬಲ, ಅದರ ದೌರ್ಬಲ್ಯವೂ ಅದೇ. 1976ರಲ್ಲಿ ರಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ಅಮೆರಿಕದ ವೈದ್ಯರು ಮೃತದೇಹಗಳ ಕಾಲುಗಳ ಮೇಲೆ ಒಂದು ಪ್ರಯೋಗ ನಡೆಸಿದರು. ತಾಲಸನ್ನು ಹೊರಗಡೆಗೆ ಒಂದೇ ಒಂದು ಮಿಲಿಮೀಟರ್ ಸರಿಸಿದಾಗ, ಕೀಲಿನಲ್ಲಿ ಮೂಳೆಗೆ ಮೂಳೆ ತಾಗುವ ಜಾಗ ನೂರಕ್ಕೆ 42ರಷ್ಟು ತಗ್ಗಿತು. ಜಾಗ ತಗ್ಗಿದರೂ ಹೊರೆ ತಗ್ಗುವುದಿಲ್ಲ. ಉಳಿದ ಚೂರು ಜಾಗದ ಮೇಲೆಯೇ ಎಲ್ಲ ಭಾರವೂ ಬೀಳುತ್ತದೆ.

ಹರಡು ಸವೆದು ವೈದ್ಯರ ಬಳಿಗೆ ಬರುವ ಹತ್ತು ಮಂದಿಯಲ್ಲಿ ಏಳೆಂಟು ಮಂದಿಗೆ ಹಿಂದೆ ಎಂದೋ ಕಾಲಿಗೆ ಪೆಟ್ಟು ಬಿದ್ದಿರುತ್ತದೆ. ಮರದಿಂದ ಬಿದ್ದು ಮುರಿದದ್ದು, ಬೈಸಿಕಲ್ಲಿನಿಂದಲೋ ಮೋಟಾರು ವಾಹನದಿಂದಲೋ ಉರುಳಿದಾಗ ಮುರಿದದ್ದು, ಆಟದಲ್ಲಿ ಪದೇ ಪದೇ ಉಳುಕಿದ್ದು, ಹೀಗೆ. ಮೂಳೆ ಕೂಡಿಕೊಂಡಿತು, ನೋವು ಹೋಯಿತು ಎಂದು ಮರೆತುಬಿಟ್ಟ ಗಾಯವು ಹತ್ತಿಪ್ಪತ್ತು ವರ್ಷಗಳ ಮೇಲೆ ಲೆಕ್ಕ ಕೇಳಲು ಬರುತ್ತದೆ. ಮುರಿದ ಹರಡನ್ನು ಸರಿಯಾಗಿ ಕೂಡಿಸದೆ ಬರಿಯ ಪಟ್ಟು ಕಟ್ಟಿಸಿಕೊಂಡು ಸುಮ್ಮನಾಗುವುದು ಎಷ್ಟು ಅಪಾಯಕರ ಎಂಬುದು ಇದರಿಂದ ತಿಳಿಯುತ್ತದೆ. ಉಳಿದವರಲ್ಲಿ ಕೆಲವರಿಗೆ ರೂಮಟಾಯ್ಡ್ ಎಂಬ ಬಗೆಯ ಸಂಧಿವಾತ, ಮತ್ತೆ ಕೆಲವರಿಗೆ ರಕ್ತ ಹೆಪ್ಪುಗಟ್ಟದ ರೋಗದಿಂದ ಕೀಲಿನೊಳಗೆ ರಕ್ತ ಸೋರಿ ಆದ ಹಾನಿ ಕಾರಣವಾಗಿರುತ್ತದೆ. ಗಾಯದಿಂದ ಬರುವ ಸವೆತಕ್ಕೆ ಮುಪ್ಪನ್ನು ಕಾಯುವ ತಾಳ್ಮೆಯಿಲ್ಲ. ನಲವತ್ತು ಐವತ್ತರ ವಯಸ್ಸಿನಲ್ಲಿ, ಸಂಸಾರದ ನೊಗ ಹೆಗಲ ಮೇಲಿರುವಾಗಲೇ ಅದು ಮನುಷ್ಯನನ್ನು ಹಿಡಿದು ಕೂರಿಸುತ್ತದೆ.

ಮೃದ್ವಸ್ಥಿ ಸವೆದು ಮೂಳೆಗೆ ಮೂಳೆ ಉಜ್ಜತೊಡಗಿದಾಗ ಆಗುವ ನೋವು ಅನುಭವಿಸಿದವರಿಗೇ ಗೊತ್ತು. ಬೆಳಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆ, ಇಳಿಜಾರು, ಉತ್ತ ನೆಲ, ಇವೆಲ್ಲ ಶಿಕ್ಷೆಯಾಗುತ್ತವೆ. ಆರಂಭದಲ್ಲಿ ಸರಳ ಉಪಾಯಗಳೇ ಸಾಕು. ತೂಕ ಇಳಿಸುವುದು, ಹರಡನ್ನು ಬಿಗಿಹಿಡಿಯುವ ಎತ್ತರದ ಬೂಟು ಅಥವಾ ಪಟ್ಟಿಯನ್ನು ಧರಿಸುವುದು, ನೋವು ತಗ್ಗಿಸುವ ಔಷಧ ತೆಗೆದುಕೊಳ್ಳುವುದು, ಊರುಗೋಲನ್ನು ಹಿಡಿಯುವುದು. ಊರುಗೋಲನ್ನು ನೋವಿರುವ ಕಾಲಿನ ಕಡೆಗಲ್ಲ, ಅದರ ಎದುರು ಕೈಯಲ್ಲಿ ಹಿಡಿಯಬೇಕು. ಆಗಲೇ ಅದು ಭಾರವನ್ನು ಹಂಚಿಕೊಳ್ಳುತ್ತದೆ. ಇವಾವುದರಿಂದಲೂ ಪ್ರಯೋಜನವಾಗದಿದ್ದಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ.

ಮೊದಲನೆಯ ದಾರಿ ಕೀಲನ್ನೇ ಇಲ್ಲವಾಗಿಸುವುದು. ಉಳಿದಿರುವ ಮೃದ್ವಸ್ಥಿಯನ್ನು ಕೆರೆದು ತೆಗೆದು, ಕಣಕಾಲಿನ ಮೂಳೆಯನ್ನೂ ತಾಲಸನ್ನೂ ಒತ್ತಿ ಹಿಡಿದರೆ, ಮುರಿದ ಮೂಳೆ ಕೂಡುವಂತೆ ಅವೆರಡೂ ಕೂಡಿಕೊಂಡು ಒಂದೇ ಮೂಳೆಯಾಗುತ್ತವೆ. ಚಲನೆಯಿಲ್ಲದ ಕಡೆ ಉಜ್ಜುವಿಕೆಯಿಲ್ಲ. ಉಜ್ಜುವಿಕೆಯಿಲ್ಲದ ಕಡೆ ನೋವಿಲ್ಲ. ಇದನ್ನು ಕೀಲುಬೆಸುಗೆ ಎನ್ನಬಹುದು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ವಿಯೆನ್ನಾದ ಎಡ್ವರ್ಡ್ ಆಲ್ಬರ್ಟ್ ಎಂಬ ವೈದ್ಯನು ಇದನ್ನು ಬಳಕೆಗೆ ತಂದನು. ಆದರೆ ಮೂಳೆಗಳು ಕೂಡುವವರೆಗೆ ಅಲುಗದಂತೆ ಅವುಗಳನ್ನು ಹಿಡಿದಿಡುವುದು ಹೇಗೆಂಬುದು ಬಹುಕಾಲ ಬಗೆಹರಿಯಲಿಲ್ಲ. 1951ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಇದಕ್ಕೊಂದು ಉಪಾಯ ಹೇಳಿದನು. ಮೇಲಿನ ಮೂಳೆಗೊಂದು, ಕೆಳಗಿನ ಮೂಳೆಗೊಂದು ಉಕ್ಕಿನ ಕಡ್ಡಿಯನ್ನು ಅಡ್ಡಲಾಗಿ ತೂರಿಸಿ, ಹೊರಗಡೆಯಿಂದ ತಿರುಪುಗಳನ್ನು ಬಿಗಿದು ಎರಡು ಮೂಳೆಗಳನ್ನೂ ಒಂದಕ್ಕೊಂದು ಅದುಮುವ ಉಪಾಯವದು. ಈಗ ತಿರುಪುಮೊಳೆಗಳನ್ನು ಮೂಳೆಯೊಳಗೇ ಕೂರಿಸುತ್ತಾರೆ. ಅದುಮಿ ಹಿಡಿಯುವ ತತ್ತ್ವ ಮಾತ್ರ ಅದೇ.

ಒಂದು ಕೀಲನ್ನು ಬೆಸೆಯುವ ವಿದ್ಯೆಯನ್ನು ತಿದ್ದಿದ ಇದೇ ಚಾರ್ನ್‌ಲಿ, ಮತ್ತೊಂದು ಕೀಲನ್ನು ಬದಲಾಯಿಸುವ ವಿದ್ಯೆಯಿಂದ ಜಗತ್ಪ್ರಸಿದ್ಧನಾದನು. ಆ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಸಾಗುವಂತಿಲ್ಲ. ಏಕೆಂದರೆ ಹರಡಿನ ಕೃತಕ ಕೀಲೂ ಆ ಬೇರಿನಿಂದಲೇ ಚಿಗುರಿದ್ದು. ಚಾರ್ನ್‌ಲಿಗಿಂತ ಮುಂಚೆ ಪ್ಯಾರಿಸಿನ ಜೂಡೆ ಸೋದರರು ಸವೆದ ತೊಡೆಮೂಳೆಯ ತಲೆಯನ್ನು ತೆಗೆದು, ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಗುಂಡನ್ನು ಕೂರಿಸುತ್ತಿದ್ದರು. ಅಂತಹ ಗುಂಡನ್ನು ಹಾಕಿಸಿಕೊಂಡಿದ್ದ ರೋಗಿಯೊಬ್ಬನು ಊಟದ ಮೇಜಿನ ಮುಂದೆ ಬಾಗಿದಾಗಲೆಲ್ಲ ಸೊಂಟದಿಂದ ಕಿರ್ರೆಂಬ ಸದ್ದು ಹೊರಡುತ್ತಿತ್ತಂತೆ. ಅವನ ಹೆಂಡತಿ ಆ ಸದ್ದನ್ನು ತಾಳಲಾರದೆ ಅವನಿದ್ದ ಕಡೆಯಿಂದ ದೂರ ಸರಿಯುತ್ತಿದ್ದಳಂತೆ. ಕೇಳಿದವರಿಗೆ ಇದು ನಗೆಯ ಸಂಗತಿ. ಚಾರ್ನ್‌ಲಿಗೆ ಅದೊಂದು ಸುಳಿವು. ಎಣ್ಣೆ ಕಾಣದ ಗಾಡಿಯ ಗಾಲಿಯಂತೆ ಕೀಲು ಕಿರುಗುಟ್ಟುತ್ತಿದೆ ಎಂದರೆ ಅಲ್ಲಿ ಘರ್ಷಣೆ ಹೆಚ್ಚಾಗಿದೆ. ಘರ್ಷಣೆ ಹೆಚ್ಚಾದರೆ ಗುಂಡು ಇಂದಲ್ಲ ನಾಳೆ ಸಡಿಲವಾಗಲೇಬೇಕು.

ಘರ್ಷಣೆಯನ್ನು ತಗ್ಗಿಸಲು ಅವನು ಸಣ್ಣ ಉಕ್ಕಿನ ಗುಂಡನ್ನೂ ಅದಕ್ಕೆ ಟೆಫ್ಲಾನಿನ ಬಟ್ಟಲನ್ನೂ ಆರಿಸಿಕೊಂಡನು. ಹಲ್ಲಿನ ವೈದ್ಯರು ಬಳಸುತ್ತಿದ್ದ ಅಕ್ರಿಲಿಕ್ ಗಾರೆಯಿಂದ ಅವುಗಳನ್ನು ಮೂಳೆಗೆ ಕಚ್ಚಿಸಿದನು. ಮೊದಮೊದಲು ರೋಗಿಗಳು ಎದ್ದು ನಡೆದರು. ವಿಗನ್ ಪಟ್ಟಣದ ಬಳಿ, ಹಿಂದೆ ಕ್ಷಯರೋಗಿಗಳಿಗಾಗಿ ಇದ್ದ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಸಂತೋಷವೋ ಸಂತೋಷ. ಮೂರು ನಾಲ್ಕು ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿಯ ಸುತ್ತ ಗಡ್ಡೆಗಳು ಬೆಳೆದವು. ಸುಮಾರು 300 ರೋಗಿಗಳಿಗೆ ಜೋಡಿಸಿದ್ದ ಆ ಬಟ್ಟಲುಗಳನ್ನು ಅವನೇ ಮತ್ತೆ ತೆಗೆಯಬೇಕಾಯಿತು. 1962ರಲ್ಲಿ ನೇಯ್ಗೆಯ ಮಗ್ಗಗಳ ಹಲ್ಲುಗಾಲಿಗಳಿಗಾಗಿ ತಯಾರಿಸಿದ ಪಾಲಿಥೀನೊಂದನ್ನು ಮಾರಲು ವ್ಯಾಪಾರಿಯೊಬ್ಬನು ಅಲ್ಲಿಗೆ ಬಂದನು. ಚಾರ್ನ್‌ಲಿ ಅದನ್ನು ಉಗುರಿನಿಂದ ಒತ್ತಿ ನೋಡಿ, ಪ್ರಯೋಜನವಿಲ್ಲವೆಂದು ಹೊರಟುಹೋದನು. ಅವನ ಕಾರ್ಯಾಗಾರದ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಸವೆತದ ಯಂತ್ರಕ್ಕೆ ಹಾಕಿ, ಹಗಲಿರುಳು ಓಡಿಸಿದನು. ಟೆಫ್ಲಾನು ಒಂದು ದಿನದಲ್ಲಿ ಸವೆಯುತ್ತಿದ್ದಷ್ಟು ಈ ವಸ್ತುವು ವಾರಗಟ್ಟಲೆ ಓಡಿದರೂ ಸವೆಯಲಿಲ್ಲ. ಆದರೂ ಚಾರ್ನ್‌ಲಿ ಅವಸರಪಡಲಿಲ್ಲ. ಟೆಫ್ಲಾನಿನ ಮತ್ತು ಪಾಲಿಥೀನಿನ ತುಣುಕುಗಳನ್ನು ತನ್ನ ತೊಡೆಯ ಮಾಂಸದೊಳಗೇ ಇರಿಸಿಕೊಂಡು ಪರೀಕ್ಷಿಸಿದನು. ತಿಂಗಳುಗಳು ಕಳೆದ ಮೇಲೆ ಟೆಫ್ಲಾನ್ ಇದ್ದೆಡೆ ಗಂಟು ಎದ್ದಿತ್ತು. ಪಾಲಿಥೀನ್ ಇದ್ದೆಡೆ ಏನೂ ಆಗಿರಲಿಲ್ಲ. ರೋಗಿಯ ಮೈಮೇಲೆ ಪ್ರಯೋಗ ಮಾಡುವ ಮುನ್ನ ತನ್ನ ಮೈಯನ್ನು ಒಡ್ಡಿದ ವೈದ್ಯರು ಚರಿತ್ರೆಯಲ್ಲಿ ಬಹಳ ಮಂದಿಯಿಲ್ಲ. ಆ ವರ್ಷದ ನವೆಂಬರಿನಿಂದ ಅವನು ಜೋಡಿಸತೊಡಗಿದ ಕೀಲುಗಳಲ್ಲಿ ಕೆಲವು ಮೂವತ್ತು ವರ್ಷಗಳಿಗೂ ಮಿಕ್ಕಿ ಬಾಳಿದವು. 1982ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಜಗತ್ತಿನ ಎಲ್ಲೆಡೆ ಸೊಂಟದ ಕೃತಕ ಕೀಲು ಬಳಕೆಗೆ ಬಂದಿತ್ತು.

ಸೊಂಟದ ಈ ಯಶಸ್ಸನ್ನು ಕಂಡವರಿಗೆ ಹರಡಿನಲ್ಲಿಯೂ ಅದೇ ಫಲ ದೊರೆತೀತೆಂಬ ಆಸೆ ಹುಟ್ಟಿತು. 1970ರಲ್ಲಿ ಫ್ರಾನ್ಸಿನ ಲಾರ್ಡ್ ಮತ್ತು ಮಾರೊಟ್ ಎಂಬ ವೈದ್ಯರು ಮೊದಲ ಹೆಜ್ಜೆ ಇಟ್ಟರು. ಅವರ ಕೀಲು ಒಂದು ರೀತಿಯಲ್ಲಿ ತಲೆಕೆಳಗು ಮಾಡಿದ ಸೊಂಟದ ಕೀಲೇ. ಉದ್ದನೆಯ ಲೋಹದ ಕಡ್ಡಿಯನ್ನು ಕಣಕಾಲಿನ ಮೂಳೆಯೊಳಗೆ ತೂರಿಸಿದರು. ತಾಲಸನ್ನು ಪೂರ್ತಿಯಾಗಿ ತೆಗೆದುಹಾಕಿದರು. ಪಾಲಿಥೀನ್ ಬಟ್ಟಲನ್ನು ಹಿಮ್ಮಡಿಯ ಮೂಳೆಗೆ ಗಾರೆಯಿಂದ ಅಂಟಿಸಿದರು. ಹೀಗೆ ಜೋಡಿಸಿದ 25 ಕೀಲುಗಳಲ್ಲಿ 12 ವಿಫಲವಾದವು. ಅವರೇ ಆ ಮಾರ್ಗವನ್ನು ಕೈಬಿಟ್ಟರು. ಬೇರೆಯವರು ಮಾಡಿದ ಕೀಲುಗಳ ಗತಿಯೂ ಇದಕ್ಕಿಂತ ಬಹಳ ಮೇಲಾಗಿರಲಿಲ್ಲ. ಹತ್ತು ಹದಿನೈದು ವರ್ಷಗಳಲ್ಲಿ ಅನೇಕ ಶಸ್ತ್ರವೈದ್ಯರು ಹರಡಿಗೆ ಬೆಸುಗೆಯೇ ಸರಿಯೆಂದು ಹಿಂದಿರುಗಿದರು.

ತಪ್ಪಿದ್ದೆಲ್ಲಿ? ಹರಡು ಸೊಂಟವಲ್ಲ ಎಂಬುದನ್ನು ಮರೆತದ್ದೇ ತಪ್ಪು. ಅದು ಮೇಲೆ ಕೆಳಗೆ ಬಾಗುವ ಬಾಗಿಲ ತಿರುಗಣೆಯಂತೆ ಕಂಡರೂ, ಬಾಗುವಾಗಲೇ ತುಸು ತಿರುಚುತ್ತದೆ, ತುಸು ಜಾರುತ್ತದೆ. ಈ ಚಲನೆಗೆ ಎಡೆಕೊಡದ ಬಿಗಿಯಾದ ಕೀಲನ್ನು ಕೂರಿಸಿದಾಗ, ತಿರುಚುವ ಬಲವೆಲ್ಲ ಗಾರೆಯ ಮೇಲೆ ಬಿದ್ದು ಅದು ಬಿರುಕು ಬಿಡುತ್ತಿತ್ತು. ಕಣಕಾಲಿನ ಮೂಳೆಯ ಕೆಳತುದಿ ಗಟ್ಟಿಯಾಗಿರುವುದು ಮೇಲಿನ ಪದರದಲ್ಲಿ ಮಾತ್ರ. ಆಳಕ್ಕೆ ಕೊಯ್ದಷ್ಟೂ ಮೂಳೆ ಮೆದುವಾಗುತ್ತದೆ. ಹೆಚ್ಚು ಮೂಳೆಯನ್ನು ಕೊಯ್ದು ಕೂರಿಸಿದ ಕೀಲು ಹಸಿ ಮಣ್ಣಿನಲ್ಲಿ ನೆಟ್ಟ ಗೂಟದಂತೆ ಕುಸಿಯುತ್ತಿತ್ತು.

ಮುಂದೆ ಬಂದವರು ಈ ಪಾಠವನ್ನು ಕಲಿತರು. ಅಮೆರಿಕದಲ್ಲಿ ಬ್ಯೂಶೆಲ್ ಮತ್ತು ಪಾಪಾಸ್, ಡೆನ್ಮಾರ್ಕಿನಲ್ಲಿ ಕೋಫೋಡ್ ಮೊದಲಾದವರು ಗಾರೆಯ ಬಳಕೆಯನ್ನು ಬಿಟ್ಟು, ಮೂಳೆಯನ್ನು ಆದಷ್ಟು ಕಡಿಮೆ ಕೊಯ್ದು, ಮೂರು ತುಂಡುಗಳ ಕೀಲನ್ನು ರೂಪಿಸಿದರು. ಮೇಲೆ ಲೋಹದ ತಟ್ಟೆ, ಕೆಳಗೆ ತಾಲಸಿನ ಬೆನ್ನನ್ನು ಮುಚ್ಚುವ ಲೋಹದ ಟೊಪ್ಪಿಗೆ, ನಡುವೆ ಜಾರಾಡುವ ಪಾಲಿಥೀನ್ ತುಂಡು. ಲೋಹದ ಹೊರಮೈಯನ್ನು ಒರಟಾಗಿ, ಸಣ್ಣ ರಂಧ್ರಗಳುಳ್ಳದ್ದಾಗಿ ಮಾಡಿರುವುದರಿಂದ ಮೂಳೆಯು ತಾನೇ ಅದರೊಳಗೆ ಬೆಳೆದು ಬಿಗಿಹಿಡಿಯುತ್ತದೆ. ಕೋಫೋಡನ ಕೀಲಿನ ಬಳಕೆಗೆ 2009ರಲ್ಲಿ ಅಮೆರಿಕದ ಸರ್ಕಾರವೂ ಒಪ್ಪಿಗೆ ನೀಡಿತು. ಅನಂತರ ಬಂದ ಹಲವು ಕೀಲುಗಳಲ್ಲಿ ಪಾಲಿಥೀನ್ ತುಂಡನ್ನು ಮೇಲಿನ ತಟ್ಟೆಗೇ ಭದ್ರಪಡಿಸಿದ್ದಾರೆ. ಶಸ್ತ್ರಚಿಕಿತ್ಸೆಯಲ್ಲಿ ಹರಡಿನ ಮುಂಭಾಗದಲ್ಲಿ ಉದ್ದನೆಯ ಗಾಯ ಮಾಡಿ, ಸ್ನಾಯುರಜ್ಜುಗಳನ್ನೂ ನರವನ್ನೂ ರಕ್ತನಾಳವನ್ನೂ ಜೋಪಾನವಾಗಿ ಪಕ್ಕಕ್ಕೆ ಸರಿಸಿ, ಅಳತೆಯ ಪಟ್ಟಿಗಳ ಸಹಾಯದಿಂದ ಮೂಳೆಯ ತುದಿಗಳನ್ನು ಕೊಯ್ಯುತ್ತಾರೆ. ಇಲ್ಲಿ ಚರ್ಮ ತೆಳುವಾದ್ದರಿಂದ ಗಾಯ ಮಾಯುವುದು ಸುಲಭವಲ್ಲ. ಧೂಮಪಾನ ಮಾಡುವವರಲ್ಲಿ ಮತ್ತು ಮಧುಮೇಹ ಹತೋಟಿಯಲ್ಲಿಲ್ಲದವರಲ್ಲಿ ತೊಂದರೆ ಇನ್ನೂ ಹೆಚ್ಚು. ಕೆಲವು ವಾರಗಳ ಕಾಲ ಕಾಲಿನ ಮೇಲೆ ಭಾರ ಹಾಕದೆ ಪಟ್ಟಿಯಲ್ಲಿರಿಸಿ, ಆಮೇಲೆ ಮೆಲ್ಲಮೆಲ್ಲನೆ ನಡೆಸುತ್ತಾರೆ.

ಇಂದಿನ ಹರಡಿನ ಕೀಲುಗಳಲ್ಲಿ ಹತ್ತು ವರ್ಷ ಕಳೆದ ಮೇಲೂ ನೂರಕ್ಕೆ ಸುಮಾರು 75ರಿಂದ 90 ಕೆಲಸ ಮಾಡುತ್ತಿರುತ್ತವೆ. 1970ರ ಸ್ಥಿತಿಗೆ ಹೋಲಿಸಿದರೆ ಇದು ದೊಡ್ಡ ಸಾಧನೆ. ಸೊಂಟದ ಕೀಲಿಗೆ ಹೋಲಿಸಿದರೆ ಇನ್ನೂ ಹಿಂದು. ಆದ್ದರಿಂದ ರೋಗಿಯ ಮುಂದಿರುವ ಆಯ್ಕೆ ಸುಲಭದ್ದಲ್ಲ. ಬೆಸುಗೆ ಒಮ್ಮೆ ಕೂಡಿತೆಂದರೆ ಸವೆಯುವ ಮಾತಿಲ್ಲ. ಭಾರ ಹೊರುವ, ಹೊಲದಲ್ಲಿ ದುಡಿಯುವ ನಡುವಯಸ್ಸಿನವನಿಗೆ ಅದೇ ಮೇಲು ಎಂದು ಬಹಳ ವೈದ್ಯರು ಹೇಳುತ್ತಾರೆ. ಹರಡು ಬಾಗದಿದ್ದರೂ ಪಾದದ ಮುಂದಿನ ಸಣ್ಣ ಕೀಲುಗಳು ಆ ಕೆಲಸದಲ್ಲಿ ಸ್ವಲ್ಪವನ್ನು ವಹಿಸಿಕೊಳ್ಳುವುದರಿಂದ, ಸಮನೆಲದಲ್ಲಿ ನಡೆಯುವವನನ್ನು ನೋಡಿದವರಿಗೆ ಬೆಸುಗೆಯಾಗಿದೆ ಎಂದು ತಿಳಿಯುವುದೇ ಇಲ್ಲ. ಆದರೆ ತಮ್ಮದಲ್ಲದ ಹೊರೆಯನ್ನು ಹೊತ್ತ ಆ ಕೀಲುಗಳೇ ವರ್ಷಗಳು ಉರುಳಿದಂತೆ ಸವೆಯತೊಡಗುತ್ತವೆ. ಅವು ಮೊದಲೇ ಸವೆದಿರುವವರಿಗೂ, ಎರಡು ಹರಡುಗಳೂ ಕೆಟ್ಟಿರುವವರಿಗೂ, ಹೆಚ್ಚು ಭಾರದ ಕೆಲಸವಿಲ್ಲದ ಹಿರಿಯರಿಗೂ ಕೃತಕ ಕೀಲು ಹೆಚ್ಚು ಹೊಂದುತ್ತದೆ.

ಯಾವುದು ಮೇಲೆಂಬ ವಾದವನ್ನು ಬಗೆಹರಿಸಲು ಬ್ರಿಟನ್ನಿನ 17 ಆಸ್ಪತ್ರೆಗಳಲ್ಲಿ 50 ವರ್ಷ ಮೇಲ್ಪಟ್ಟ 303 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡಕ್ಕೆ ಬೆಸುಗೆಯನ್ನೂ ಇನ್ನೊಂದಕ್ಕೆ ಕೃತಕ ಕೀಲನ್ನೂ ಗೊತ್ತುಪಡಿಸಿದರು. 2022ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಎರಡು ಪಂಗಡದವರ ನಡಿಗೆಯೂ ಬಹಳ ಸುಧಾರಿಸಿತ್ತು. ಅವರ ನಡುವಣ ಅಂತರ ತೀರ್ಪು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಗಾಯ ಮಾಯದಿರುವ ತೊಂದರೆ ಕೀಲು ಪಡೆದವರಲ್ಲಿ ಹೆಚ್ಚಾಗಿತ್ತು. ಬೆಸುಗೆ ಮಾಡಿಸಿಕೊಂಡವರಲ್ಲಿ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿತ್ತು. ನೂರಕ್ಕೆ ಸುಮಾರು 12 ಮಂದಿಯಲ್ಲಿ ಮೂಳೆಗಳು ಕೂಡಿಕೊಂಡಿರಲಿಲ್ಲ. ಇದು ಕುರ್ಚಿಯ ಮೇಲೆ ಕುಳಿತು ಮೇಜಿನ ಮೇಲೆ ಉಣ್ಣುವ ಜನರ ಲೆಕ್ಕ ಎಂಬುದನ್ನು ನಾವು ನೆನಪಿಡಬೇಕು. ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವ, ಒಲೆಯ ಮುಂದೆ ರೊಟ್ಟಿ ತಟ್ಟುವ ನಮ್ಮ ನಾಡಿನವರಿಗೆ ಹರಡು ಹೆಚ್ಚು ಬಾಗಬೇಕು. ಬೆಸೆದ ಹರಡಿನಲ್ಲಿ ಹಾಗೆ ಕುಳಿತುಕೊಳ್ಳುವಂತಿಲ್ಲ. ಕೃತಕ ಕೀಲೂ ಸಾಮಾನ್ಯವಾಗಿ ಅಷ್ಟು ಬಾಗುವುದಿಲ್ಲ. ಅದು ಹಿಂದಿರುಗಿಸುವುದು ನಡಿಗೆಯನ್ನು, ಮೆಟ್ಟಿಲು ಇಳಿಜಾರುಗಳ ಸಲೀಸನ್ನು. ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ರೋಗಿಯು ವೈದ್ಯರನ್ನು ಬಾಯಿಬಿಟ್ಟು ಕೇಳಬೇಕಾದ ಪ್ರಶ್ನೆ ಇದು. ವೈದ್ಯರಾದರೂ ರೋಗಿಯ ಎಕ್ಸ್‌ರೇ ಚಿತ್ರವನ್ನು ನೋಡಿದಷ್ಟೇ ಗಮನದಿಂದ ಅವನ ದಿನಚರಿಯನ್ನೂ ವಿಚಾರಿಸಬೇಕು.

ಕೃತಕ ಕೀಲನ್ನು ಪಡೆದವರು ಆಗಾಗ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿಕೊಳ್ಳುತ್ತಿರಬೇಕಾಗುತ್ತದೆ. ಪಾಲಿಥೀನ್ ಸವೆದು ಉದುರಿದ ಕಣಗಳಿಂದ ಲೋಹದ ಸುತ್ತಲಿನ ಮೂಳೆ ಟೊಳ್ಳಾಗುತ್ತಿದ್ದರೂ ಬಹುಕಾಲ ನೋವೇ ತೋರದಿರಬಹುದು. ಮೊದಲೇ ಕಂಡುಹಿಡಿದರೆ ಸವೆದ ತುಂಡನ್ನಷ್ಟೇ ಬದಲಾಯಿಸಿ, ಟೊಳ್ಳಿಗೆ ಮೂಳೆಯ ಚೂರುಗಳನ್ನು ತುಂಬುವುದು ಸಾಧ್ಯ. ಕೀಲು ಪೂರ್ತಿಯಾಗಿ ಸಡಿಲವಾಗಿದ್ದರೆ ಅದನ್ನು ತೆಗೆದು ಮತ್ತೊಂದು ಕೀಲನ್ನು ಹಾಕುತ್ತಾರೆ. ಅದಕ್ಕೆ ತಕ್ಕಷ್ಟು ಮೂಳೆ ಉಳಿದಿಲ್ಲದಿದ್ದರೆ, ಖಾಲಿಯಾದ ಜಾಗಕ್ಕೆ ಸೊಂಟದ ಮೂಳೆಯಿಂದ ತೆಗೆದ ತುಣುಕನ್ನಿರಿಸಿ, ಮೇಲಿನ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಚಾರ್ನ್‌ಲಿ 1951ರಲ್ಲಿ ಹೇಳಿದಂತೆ ಒಂದಕ್ಕೊಂದು ಅದುಮಿ ಬೆಸೆಯುತ್ತಾರೆ.